ಕೆಳಗಿನ ಮೆಟ್ಟಿಲಿನ ಬೆಂಚು

ನನ್ನ ಓರಗಿತ್ತಿ ತುಂಗಕ್ಕನಿಗೆ ಸುಮ್ಮನೆ ಕೂತು ಗೊತ್ತೇ ಇರಲಿಲ್ಲ. ಮದರಾಸಿನ ಕ್ರೋಂಪೇಟೆಯ ನಮ್ಮ ಕೂಡುಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುವುದು ಅವಳ ಪಾಲಿನ ಕೆಲಸ. ಅವಳ ಇಡ್ಲಿಯನ್ನು ಹೊಗಳಿ ತಿನ್ನುತ್ತಿದ್ದವರು ನನ್ನ ಇಡ್ಲಿಯನ್ನು ತುಟಿ ಪಿಟಕ್ಕೆನ್ನದೆ ನುಂಗುತ್ತಿದ್ದರು. ಅಂಥವಳಿಗೆ ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಎಡ ಎದೆಯಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್. ಎದೆಯನ್ನೇ ತೆಗೆದರು, ಆಮೇಲೆ ಆರು ವಾರ ಕರೆಂಟ್ ಕೊಟ್ಟರು. ಮದರಾಸಿನಲ್ಲಿ ರೇಡಿಯೇಶನ್ನಿಗೆ ಜನ ಅನ್ನುತ್ತಿದ್ದದ್ದೇ ಹಾಗೆ. ಅವಳ ಗಂಡ, ರೈಲ್ವೆಯಲ್ಲಿದ್ದ ನಮ್ಮ ಭಾವ ಶಂಕರನಾರಾಯಣ, ಎಲ್ಲರಿಗೂ ‘ಸಣ್ಣ ಆಪರೇಷನ್’ ಎಂದು ಹೇಳಿಕೊಂಡು ಬಂದರು. ಬೀದಿಯವರೇನು ಕಿವಿಗೆ ಹೂವಿಟ್ಟುಕೊಂಡಿದ್ದರೇ?

ಆ ಕಾಯಿಲೆ ಅಂಟುತ್ತದೆ ಎಂದು ಯಾರೋ ಹೇಳಿದ್ದು ನಾವು ಅಮ್ಮ ಎನ್ನುತ್ತಿದ್ದ ಅತ್ತೆ ಶಾರದಮ್ಮನವರ ತಲೆಯಲ್ಲಿ ಕೂತುಬಿಟ್ಟಿತು. ತುಂಗಕ್ಕ ಹಿಟ್ಟಿನ ಒರಳು ಮುಟ್ಟಕೂಡದು ಎಂದರು. ಅವರನ್ನು ಯಾಕೆ ದೂರಲಿ? ಅವಳ ಲೋಟವನ್ನು ಬೇರೆ ಇಟ್ಟವಳು ನಾನು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಆ ವರ್ಷದ ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಹೆಂಗಸರು ತುಂಗಕ್ಕ ಹಿಡಿದ ಅರಿಶಿನ ಕುಂಕುಮದ ಬಟ್ಟಲು ಕಾಣದವರಂತೆ ನನ್ನ ಕಡೆ ತಿರುಗಿದರು. ಪಕ್ಕದ ಮನೆಯ ಗೋದಾಬಾಯಿಯಂತೂ, “ನೀವೇ ಕೊಟ್ಬಿಡ್ರೀ” ಎಂದು ನೇರವಾಗಿ ಹೇಳಿದರು. ನಾನು ಕೊಟ್ಟೆ. ಅವರೆಲ್ಲ ಹೋದ ಮೇಲೆ ತುಂಗಕ್ಕ, “ಸತ್ತಿದ್ರೆ ಎಲ್ಲಾರೂ ಬಂದು ಅಳ್ತಿದ್ರು ಕಣೇ. ಬದುಕಿ ಬಂದಿದ್ದೇ ತಪ್ಪಾಯ್ತು” ಎಂದಳು.

ಆಪರೇಷನ್ ಆದಮೇಲೆ ಅವಳ ಎಡಗೈ ಮೇಲೇಳುತ್ತಿರಲಿಲ್ಲ, ದಿನಾ ಆಡಿಸಬೇಕು ಎಂದಿದ್ದರು ಡಾಕ್ಟರು. ಹಿತ್ತಲಲ್ಲಿ ಅಂಚು ಒಡೆದ ಹಳೆಯ ಒರಳೊಂದು ಬಿದ್ದಿತ್ತು. ತುಂಗಕ್ಕ ಹಳೇ ಪೇಪರನ್ನೂ ಮೆಂತ್ಯವನ್ನೂ ನೆನೆಹಾಕಿ ಅದರಲ್ಲಿ ರುಬ್ಬತೊಡಗಿದಳು. “ಇದು ಯಾರ ಹೊಟ್ಟೆಗೂ ಹೋಗಲ್ಲ, ಅಮ್ಮನಿಗೂ ಚಿಂತೆಯಿಲ್ಲ” ಎಂದು ನಕ್ಕಳು. ಆ ಪೇಪರ್ ಮುದ್ದೆಯಲ್ಲಿ ಮೊದಲು ಎಲ್ಲರ ಹಾಗೆ ಬುಟ್ಟಿ ಮಾಡಿದಳು. ಆಮೇಲೆ ಬುಟ್ಟಿಗೆ ಬೇಜಾರಾಗಿ ಗೊಂಬೆಗೆ ಕೈಹಾಕಿದಳು. ನಮ್ಮ ಪೇಟೆಯ ಚರ್ಮದ ಕಾರ್ಖಾನೆಯ ವಾಸನೆಗೂ ಜಗ್ಗದ ನಮ್ಮ ಮೂಗು ಆ ಮೆಂತ್ಯಕ್ಕೆ ಸೋತಿತು. ಆದರೆ ರುಬ್ಬುತ್ತಾ ಅವಳು ಹಾಡಿಕೊಳ್ಳುವುದು ಮತ್ತೆ ಕೇಳಿಸಿತಲ್ಲ, ಅದಕ್ಕೆ ನಾನು ಏನು ವಾಸನೆಯನ್ನಾದರೂ ಸಹಿಸುತ್ತಿದ್ದೆ.

ಮುಂದಿನ ನವರಾತ್ರಿ ಬಂತು. ವರ್ಷಕ್ಕೊಂದು ಹೊಸ ಗೊಂಬೆ ಇಡಬೇಕೆಂಬುದು ಪದ್ಧತಿ. ಇವಳು ಒಂಬತ್ತು ಇಟ್ಟಳು. ಎಲ್ಲರೂ ಪಾರ್ಕು, ಕನ್ನಡಿಯ ಕೊಳ ಮಾಡುವ ಕೆಳಗಿನ ಮೆಟ್ಟಿಲಲ್ಲಿ ಆಸ್ಪತ್ರೆಯ ವರಾಂಡ! ಉದ್ದ ಬೆಂಚಿನ ಮೇಲೆ ಕರೆಂಟಿಗೆ ಕಾಯುವ ಹೆಂಗಸರು. ಒಬ್ಬಳು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾಳೆ, ಒಬ್ಬಳು ಹೂ ಕಟ್ಟುತ್ತಿದ್ದಾಳೆ, ಸೊಂಟಕ್ಕೆ ಕೈಯಿಟ್ಟ ಆಯಾ ಗದರುತ್ತಿದ್ದಾಳೆ. ಕೊನೆಯಲ್ಲಿ ಕೂತವಳು ಹಲ್ಲೆಲ್ಲ ತೋರಿಸಿ ನಗುತ್ತಿದ್ದಾಳೆ. ಅವಳ ಎಡಗಡೆ ಎದೆ ಚಪ್ಪಟೆ.

“ದೇವರ ಮೆಟ್ಟಲ ಮೇಲೆ ರೋಗ ಕೂರಿಸ್ತೀಯೇನೇ? ತೆಗಿ ಅದನ್ನ” ಎಂದು ಅತ್ತೆ ರೇಗಿದರು.

“ರೋಗ ಎಲ್ಲಿದೆ ಅಮ್ಮ? ವಾಸಿ ಮಾಡಿಸ್ಕೊಳ್ಳೋಕೆ ಬಂದೋರು ಕೂತಿದಾರೆ. ಮೇಲಿಂದು ದೇವರಿಗೆ, ಕೆಳಗಿಂದು ಮನುಷ್ಯರಿಗೆ ಅಂತ ನೀವೇ ಹೇಳ್ಕೊಟ್ಟಿದ್ದು. ನಾನೂ ಮನುಷ್ಯಳೇ ಅಲ್ವಾ?”

ಅತ್ತೆ ಕಡಲೆಕಾಳಿನ ಸುಂಡಲಿಗೆ ಒಗ್ಗರಣೆ ಹಾಕಲು ಒಳಗೆ ಹೋದರು.

ನನ್ನ ಮಗಳು ಜಯಲಕ್ಷ್ಮೀಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. “ಎಂಗ ಕೊಲುವಿಲೆ ಆಸ್ಪತ್ತಿರಿ ಇರುಕ್ಕು, ವಾಂಗೋ!” ಎಂದು ಬೀದಿಗೆಲ್ಲ ಸಾರಿದಳು. ಗೊಂಬೆ ಕೊಲುವಿನಲ್ಲಿ ಆಸ್ಪತ್ರೆ ಇದೆ, ಬನ್ನಿ ಎಂದರೆ ಮಕ್ಕಳು ಬಿಡುತ್ತಾರೆಯೇ? ಮಕ್ಕಳ ಹಿಂದೆ ತಾಯಂದಿರು ಬಂದರು, ಆಯಾಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಗೋದಾಬಾಯಿ ಮಾತ್ರ ನಗಲಿಲ್ಲ. ಬೆಂಚಿನ ಕೊನೆಯವಳನ್ನೇ ನೋಡುತ್ತಾ, “ಇದು ಯಾರ್ರೀ?” ಎಂದರು.

“ನಾನೇ.”

“ಮೊದ್ಲು ನೋವಿತ್ತಾ?”

“ಒಂಚೂರೂ ಇರ್ಲಿಲ್ಲ. ಅದೇ ಮೋಸ ನೋಡಿ.”

ಗೋದಾಬಾಯಿಯ ಮುಖ ಬಿಳಿಚಿತು. ಕುಂಕುಮಕ್ಕೆ ಚಾಚಿದ ಕೈ ತುಂಗಕ್ಕನ ಮಣಿಕಟ್ಟನ್ನು ಹಿಡಿಯಿತು. “ನಂಗೂ ಇದೇರೀ, ಗೋಲಿಯಷ್ಟು. ಮೂರು ತಿಂಗಳಾಯ್ತು. ಮನೇಲಿ ಯಾರಿಗೂ ಹೇಳಿಲ್ಲ” ಎಂದು ಪಿಸುಗುಟ್ಟಿದರು.

ಮರುದಿನ ಬೆಳಗಿನ ಎಲೆಕ್ಟ್ರಿಕ್ ರೈಲಿನಲ್ಲಿ ತುಂಗಕ್ಕನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಬೇರೆ ಇಟ್ಟಿದ್ದ ಅವಳ ಲೋಟವನ್ನು ಒಯ್ದು ಉಳಿದವುಗಳ ಜೊತೆ ಕವುಚಿಟ್ಟೆ. ಯಾರೂ ಗಮನಿಸಲಿಲ್ಲ, ಅದೂ ಒಳ್ಳೆಯದೇ ಆಯಿತು.

ಎಂಬತ್ತರ ನವರಾತ್ರಿಗೆ ಬೆಂಚಿನ ಮೇಲೆ ಹೊಸದೊಂದು ಗೊಂಬೆ ಕೂತಿತು. ಆಪರೇಷನ್, ಕರೆಂಟ್ ಎಲ್ಲ ಮುಗಿಸಿ ತೆಳ್ಳಗಾಗಿದ್ದ ಗೋದಾಬಾಯಿ ಅದನ್ನು ಕಂಡಿದ್ದೇ ತಡ, “ನನ್ನ ಮೂಗು ಇಷ್ಟು ದಪ್ಪ ಇದ್ಯೇನ್ರೀ? ಸರಿಮಾಡೋವರೆಗೂ ನಾನು ಕುಂಕುಮ ತಗೊಳ್ಳಲ್ಲ!” ಎಂದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ತುಂಗಕ್ಕ ನಗುತ್ತಾ ಬ್ಲೇಡು ತಂದು ಗೊಂಬೆಯ ಮೂಗು ಕೆರೆಯತೊಡಗಿದಳು. ಹಿಂದೆ ನಾಲ್ವರು ಹೆಂಗಸರು ಕುಂಕುಮಕ್ಕೆ ನಿಂತು ಕಾಯುತ್ತಿದ್ದರು. ನಾನು ಬಟ್ಟಲು ಹಿಡಿದು, “ಬನ್ನಿ, ತಡ ಆಗತ್ತೆ, ನಾನೇ ಕೊಡ್ತೀನಿ” ಎಂದೆ.

“ಪರವಾಗಿಲ್ಲ ಬಿಡಿ, ಕಾಯ್ತೀವಿ” ಎಂದರು ಅವರು. “ಅವರ ಕೈಯಿಂದ್ಲೇ ತಗೋತೀವಿ.”