ಅತ್ತೆಯ ಮಾತ್ರೆ, ಬೀದಿಯ ನಿದ್ದೆ

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹಸು ಕರೆದು ಡೈರಿಗೆ ಹಾಲು ಕೊಟ್ಟು ಬಂದೆ. ಕಂಬಳಿ ಒಗೆದು ಬೇಲಿಗೆ ಹರವಿದೆ. ಆಮೇಲೆ ಚಾಮರಾಜನಗರಕ್ಕೆ ಬಸ್ಸು ಹಿಡಿದು ಅತ್ತೆಯ ಮಾತ್ರೆ ತಂದೆ. ಡಾಕ್ಟರ ಚೀಟಿ ಕಾಣದೆ ಮೆಡಿಕಲ್ ಸ್ಟೋರಿನವರು ಇದನ್ನು ಕೊಡುವುದಿಲ್ಲ. ನಮ್ಮ ಚಂದಕವಾಡಿಯ ಬೀದಿಯಲ್ಲಿ ಮಾತ್ರ ಒಂದು ಕಾಲಕ್ಕೆ ಯಾರು ಕೇಳಿದರೂ ಸಿಗುತ್ತಿತ್ತು ನೋಡಿ.

ಅತ್ತೆಗೆ ಫಿಟ್ಸ್. ಅದು ಬಾರದಿರಲೆಂದು ರಾತ್ರಿ ಊಟವಾದ ಮೇಲೆ ಒಂದು ಪುಟ್ಟ ಮಾತ್ರೆ. ವಿಪರೀತ ಗಾಬರಿಯ ಕಾಯಿಲೆಗೂ ಇದನ್ನೇ ಬರೆಯುತ್ತಾರಂತೆ. ನುಂಗಿದರೆ ನಿದ್ದೆಯೂ ಬರುತ್ತದೆ. ಈ ಕೊನೆಯ ಗುಣ ಬೀದಿಗೆ ಗೊತ್ತಾಗಿಬಿಟ್ಟಿತು. ಹೆಪ್ಪಿಗೆ ಮೊಸರು ಕೇಳುವ ಹಾಗೆ ಜನ ಬರತೊಡಗಿದರು.

"ಅಕ್ಕಯ್ಯ, ಮಗಳ ಮದುವೆ ಚಿಂತೆ, ಕಣ್ಣೇ ಮುಚ್ಚಾಕಿಲ್ಲ. ಅರ್ಧ ಕೊಡವ್ವ" ಎನ್ನುತ್ತಿದ್ದರು ಎದುರುಮನೆಯ ನೀಲಮ್ಮ.

"ಅರ್ಧ ಯಾನಕ್ಕ? ಒಂದ್ ತಕ್ಕ ಓಗು."

ಸಕ್ಕರೆ ಕೊಡುವಾಗ ಲೋಟದ ತಲೆ ಸವರಿ ಕೊಡುವ ನಮ್ಮತ್ತೆಯೇ ಹೀಗೆ ಧಾರಾಳಿ! ನೀಲಮ್ಮನ ಗಂಡ ತಮಗೂ ಇರಲೆಂದು ಒಂದು ನುಂಗಿದರು. ನಸುಕಿಗೆ ಟೆಂಪೋಗೆ ಟೊಮೆಟೊ ತುಂಬಿಕೊಂಡು ಗುಂಡ್ಲುಪೇಟೆಗೆ ಹೊರಟವರು ದಾರಿಯಲ್ಲಿ ತೂಕಡಿಸಿ, ಗಾಡಿಯನ್ನು ಯಾರದೋ ಅರಿಶಿನದ ಹೊಲಕ್ಕೆ ಇಳಿಸಿದರು. ಟೊಮೆಟೊ ಬಿಟ್ಟರೆ ಯಾರಿಗೂ ಏಟಾಗಲಿಲ್ಲ. ಮಾತ್ರೆಯ ಮೇಲೆ ಬೀದಿಗಿದ್ದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಹಂಚಿ ಹಂಚಿ ತಿಂಗಳು ಮುಗಿಯುವ ಮೊದಲೇ ಮಾತ್ರೆ ಮುಗಿಯಿತು. ಅತ್ತೆ ಯಾರಿಗೂ ಹೇಳದೆ ಮಾತ್ರೆಯಿಲ್ಲದೆಯೇ ಮಲಗತೊಡಗಿದರು. ಒಂದು ಮಧ್ಯಾಹ್ನ ರಾಗಿ ಕೇರುತ್ತಿದ್ದವರು ಮೊರದ ಸಮೇತ ಉರುಳಿದರು. ಕೈಕಾಲು ಸೆಟೆದು ಬಾಯಲ್ಲಿ ನೊರೆ. ಕೈಗೆ ಹಿಡಿಸಲು ಕಬ್ಬಿಣ ತರಲೆಂದು ಯಾರೋ ಓಡಿದರು. ನಾನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವಲ್ಲು ಮಡಚಿಟ್ಟು ಕೂತೆ. ಇವರು ಇನ್ನು ಕಣ್ಣು ಬಿಡುವುದಿಲ್ಲವೇನೋ ಅನ್ನಿಸಿಬಿಟ್ಟಿತ್ತು. ಕಣ್ಣು ಬಿಟ್ಟ ಮೇಲೆ ಚಾಮರಾಜನಗರಕ್ಕೆ ಕರೆದೊಯ್ದೆ.

"ಇದನ್ನ ಒಮ್ಮೆಲೇ ನಿಲ್ಲಿಸಬಾರದಮ್ಮ, ಫಿಟ್ಸ್ ಜೋರಾಗುತ್ತೆ" ಎಂದರು ಡಾಕ್ಟರು. "ಕಮ್ಮಿ ಮಾಡೋದಾದ್ರೂ ನಾವೇ ನಿಧಾನವಾಗಿ ಮಾಡಬೇಕು. ಬೇರೆಯವರಿಗಂತೂ ಕೊಡಲೇಬೇಡಿ. ಕುಡಿದವರು ನುಂಗಿದ್ರೆ ಉಸಿರೇ ನಿಂತುಹೋಗಬಹುದು."

ಅಲ್ಲಿ ತಲೆಯಾಡಿಸಿದ ಅತ್ತೆ ಬಸ್ಸಿನಲ್ಲಿ, "ಬಾಗ್ಲಿಗೆ ಬಂದೋರ್ಗೆ ಇಲ್ಲ ಅನ್ನದು ಎಂಗಮ್ಮಿ?" ಎಂದರು.

ನಾನೂ ಬುದ್ಧಿವಂತೆ. "ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಕೊಡಬಾರದಲ್ಲ ಅತ್ತೆ, ಮಾತ್ರೆಯೂ ಅಷ್ಟೇ" ಎಂದೆ. ಕೇಳುವವರು ಬರುವುದು ಮುಸ್ಸಂಜೆಗೇ ತಾನೆ? ಡಾಕ್ಟರ ಮಾತು ಇಳಿಯದ ಕಡೆ ಇದು ಇಳಿಯಿತು. ಅಂದು ಸಂಜೆ ನೀಲಮ್ಮನಿಗೆ ಅತ್ತೆ, "ದೀಪ ಅಚ್ಚಾಯ್ತು ಕಣವ್ವ" ಎಂದರು. ನಾನು ಒಳಗೇ ಬೀಗಿದೆ. ಅತ್ತೆ ಮಾತು ಮುಗಿಸಿರಲಿಲ್ಲ: "ಬೆಳಿಗ್ಗೆ ಬಾ."

ಅಂದೇ ಮಾತ್ರೆಯನ್ನು ನನ್ನ ಬೀರುವಿಗೆ ಹಾಕಿ ಬೀಗ ಜಡಿದೆ. ಅತ್ತೆಗೆ ಇದರಿಂದ ಬೇಸರವೇನಿಲ್ಲ. ಜಗಲಿಯಲ್ಲಿ ಕೂತು, "ನಂದ್ಯಾನದವ್ವ, ಸೊಸೆ ಬೀಗ ಆಕವ್ಳೆ" ಎಂದು ಬಂದವರ ಜೊತೆ ತಾವೂ ಮರುಗುತ್ತಾರೆ. ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ನಾನು ಹೇಳಿದ್ದಕ್ಕೆ ನೀಲಮ್ಮ, "ನಂಗ್ಯಾನ ತಲೆ ಕೆಟ್ಟದಾ?" ಎಂದು ಮಾತೇ ಬಿಟ್ಟರು. ಮುದುಕಿಗೆ ಮಾತ್ರೆಯನ್ನೂ ಎಣಿಸಿ ಹಾಕುವ ಸೊಸೆ ಎಂಬ ಹೆಸರು ನನಗೆ ನಿಂತಿತು. ಮೊದಮೊದಲು ಅಳು ಬರುತ್ತಿತ್ತು. ಬೀಗ ಹಾಕಿದ ದಿನದಿಂದ ಅತ್ತೆಗೆ ಫಿಟ್ಸ್ ಮಾತ್ರ ಬಂದಿಲ್ಲ. ಇವತ್ತು ಬಸ್ಸಿಳಿದು ಬರುವಾಗ ಅದೇ ಮಾತು ಬೆನ್ನ ಹಿಂದೆ ಕೇಳಿತು. ಹೌದಲ್ಲ, ಎಣಿಸಿಯೇ ಹಾಕುತ್ತೇನೆ ಅಂದುಕೊಂಡು ಬಂದೆ.

ರಾತ್ರಿ ಮುದ್ದೆ, ಉಪ್ಪೆಸರು. ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡು, ಖಾರ ಸಾಲದೆಂದರು. ಕೊಟ್ಟ ಮಾತ್ರೆ ನುಂಗಿದರು. ಮೊದಲು ನಿದ್ದೆ ಹೋದದ್ದು ಅವರೇ, ಆಮೇಲೆ ನಮ್ಮವರು. ನಾನು ಅತ್ತೆಯ ಗೊರಕೆ ಕೇಳುತ್ತಾ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.