ಹೊಳೆಗೆ ಇಳಿಯುವುದಕ್ಕೆ ಒಂದು ಶಬ್ದ

ಅಕ್ಕೋರ ತೋರುಬೆರಳಿನ ತುದಿ ಸದಾ ಒದ್ದೆ. ನಿಘಂಟಿನ ಹಾಳೆ ತಿರುಗಿಸಲು ನಾಲಗೆಗೆ ಮುಟ್ಟಿಸಿ ಮುಟ್ಟಿಸಿ ಆ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಕುಮಟಾದ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನಿವೃತ್ತರಾದ ಮೇಲೂ ಊರವರ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತಿದ್ದರು, ಬರೆದುಕೊಡುತ್ತಿದ್ದರು. ಆದರೆ ಅವರ ಬಳಿ ಹೋದವರು ಬೇಗ ತಿರುಗಿ ಬಂದದ್ದಿಲ್ಲ. "ಹತ್ರಹತ್ರದ ಶಬ್ದ ನಂಗೆ ಬೇಡ. ಆದದ್ದು ಎಂತ, ಅದ್ನ ಹೇಳು" ಎಂದು ಪೀಡಿಸುತ್ತಿದ್ದರು.

ನನ್ನಣ್ಣ ಅಘನಾಶಿನಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಿದ್ದ. ಇಳಿತದ ಹೊತ್ತಿಗೆ ದೋಣಿಯಿಂದಿಳಿದು, ಸೊಂಟದುದ್ದ ನೀರಿನಲ್ಲಿ ಕೆಸರನ್ನು ಕಾಲಲ್ಲೇ ತಡಕಿ ಚಿಪ್ಪು ಹುಡುಕುವ ಕೆಲಸ. ಒಂದು ದಿನ ಯಾರೋ ಮರಳು ತೆಗೆದ ಗುಂಡಿಗೆ ಕಾಲು ಜಾರಿ ಮುಳುಗಿಹೋದ. ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ ಆದ್ದರಿಂದ ವಿಮೆಯ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ತುಂಬಿದೆ. ನೀರಿಗೆ ಇಳಿದ ಎನ್ನಲು ಶಬ್ದ ತೋಚದೆ 'ಜಂಪ್ಡ್' ಎಂದು ಬರೆದೆ. ಕಂಪನಿಯ ಉತ್ತರ ಬಂತು: ತಾನಾಗಿಯೇ ಹೊಳೆಗೆ ಹಾರಿದ್ದಾನೆ, ಇದು ಆತ್ಮಹತ್ಯೆ. ಅತ್ತಿಗೆ ಕೇಳಿದಳು, ಓದಿ ಹೇಳಲೇಬೇಕಾಯಿತು. ಅಂದಿನಿಂದ ಅವಳು ಮಾತು ಬಿಟ್ಟಳು. ಗಂಡ ಹೆಂಡಿರ ಜಗಳವಂತೆ ಎಂದು ಊರಲ್ಲಿ ಗುಸುಗುಸು ಎದ್ದಿತು.

ಮೇಲ್ಮನವಿಗೆ ಐದು ದಿನ ಉಳಿದಿತ್ತು. ಅಕ್ಕೋರು ನನ್ನ ಅರ್ಜಿ ಓದಿ ಕನ್ನಡಕ ತೆಗೆದರು.

"ಹಾರಿದ್ನೇನೇ ನಿನ್ನಣ್ಣ?"

"ಇಲ್ಲ ಅಕ್ಕೋರೆ, ಇಳಿದದ್ದು."

"ಮತ್ತೆ ಹಾರಿದ ಅಂತ ಯಾಕೆ ಬರದೆ?"



ಮೂರು ಸಂಜೆ ಅವರ ಮನೆಗೆ ಅಲೆದೆ. ನಾನು 'ಎಂಟರ್ಡ್' ಎಂದರೆ "ಅದು ಮನೆಯೊಳಗೆ ಹೊಕ್ಕಂಗಾತು" ಎಂದರು. 'ಡಿಸೆಂಡೆಡ್' ಎಂದರೆ "ಮೆಟ್ಲು ಇಳದಂಗಾತು." ಮೊಬೈಲ್ ಕೊಟ್ಟ ಹನ್ನೆರಡು ಶಬ್ದಗಳನ್ನು ತೋರಿಸಿದೆ. "ಈ ಮೊಬೈಲು ಯಾವತ್ತಾದ್ರೂ ಹೊಳೆ ಕಂಡದ್ಯಾ?" ಎಂದರು. ನನಗೆ ರೇಗಿತು.

"ಯಾವ್ದೋ ಒಂದು ಬರೀರಿ ಅಕ್ಕೋರೆ! ದಿನ ಹೋಗ್ತಾ ಇದೆ."

"ಯಾವ್ದೋ ಒಂದು ಬರದೇ ಅಲ್ವೇನೆ ಇಲ್ಲೀವರೆಗೆ ಬಂದದ್ದು?"

ಕಾಗದ ಕಸಿದುಕೊಂಡು ಹೊರಟುಬಂದೆ. ಬಸ್ಸಿನಲ್ಲಿ ಅಳು ಬಂತು. ಅಳುವಿಗಿಂತ ಸಿಟ್ಟೇ ಹೆಚ್ಚು. ಅವರ ಮೇಲೋ ನನ್ನ ಮೇಲೋ ತಿಳಿಯದು.

ಮರುದಿನ ಬೆಳಿಗ್ಗೆ ಅಕ್ಕೋರು ನಮ್ಮ ಅಂಗಳದಲ್ಲಿದ್ದರು. ಎಪ್ಪತ್ತು ದಾಟಿದವರು, ಎರಡು ಬಸ್ ಬದಲಿಸಿ ಬಂದಿದ್ದರು. ನನ್ನತ್ತ ನೋಡದೆ ನೇರ ಅತ್ತಿಗೆಯ ಬಳಿ ಕೂತರು.

"ಅವ ನೀರಲ್ಲಿ ಹೆಂಗೆ ಹೋಗ್ತಿದ್ದ? ನಂಗೊಂಚೂರು ತೋರ್ಸು ತಂಗಿ."

ಅತ್ತಿಗೆ ಎದ್ದು ನಮ್ಮನ್ನು ದಡಕ್ಕೆ ಕರೆದೊಯ್ದಳು. ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಒಂದು ಕಾಲು ಊರಿ, ಇನ್ನೊಂದರಿಂದ ಕೆಸರು ತಡಕಿ, ಮೆಲ್ಲಗೆ ಮುಂದೆ. "ಹಿಂಗೆ ಹೋಗ್ತಿದ್ರು. ಹಿಂಗೇ" ಎಂದಳು. ಎಷ್ಟೋ ದಿನಗಳಿಂದ ನಾನು ಕೇಳಿರದ ದನಿ.

"ವೇಡಿಂಗ್" ಎಂದರು ಅಕ್ಕೋರು. ನೀರನ್ನು ತಳ್ಳುತ್ತ, ಕಾಲೂರಿ ನಡೆಯುವುದು. ಮರುಕ್ಷಣವೇ ಅವರ ಮುಖ ಗಂಟಿಕ್ಕಿತು. "ಆದ್ರೂ ಆ ತಡಕೂದು ಬರ್ಲಿಲ್ಲ ಇದ್ರಲ್ಲಿ. ಅಷ್ಟು ದಪ್ಪ ಪುಸ್ತಕ ಇಟ್ಕಂಡು ಎಂತ ಮಾಡೂದು!" ತಡಕುವುದಕ್ಕೆಂದು ಒಂದು ಇಡೀ ವಾಕ್ಯ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೊನೆಗೂ "ಆತು" ಎನ್ನಲಿಲ್ಲ. ದಿನ ಉಳಿದಿಲ್ಲವೆಂದು ಕೊಟ್ಟರು, ಅಷ್ಟೆ.

ಮಳೆಗಾಲ ಮುಗಿದ ಮೇಲೆ ಉತ್ತರ ಬಂತು. ಸಾವು ಆಕಸ್ಮಿಕವೆಂದು ಒಪ್ಪಿದ್ದರು. ಅದನ್ನು ಅಕ್ಕೋರಿಗೆ ತೋರಿಸುವುದಾಗಲಿಲ್ಲ, ಆಷಾಢದಲ್ಲೇ ತೀರಿಹೋಗಿದ್ದರು. ಕಾಗದ ಕಸಿದುಕೊಂಡದ್ದಕ್ಕೆ ನಾನು ತಪ್ಪಾಯಿತು ಎಂದಿರಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡೇ ಇದ್ದೆ.

ಮೊನ್ನೆ ಮೀನುಪೇಟೆಯಲ್ಲಿ ಒಬ್ಬಾಕೆ ಅತ್ತಿಗೆಯನ್ನು ಕೇಳಿದಳು, "ನಿನ್ ಗಂಡ ಹೊಳೆಗೆ ಹಾರಿದ್ನಂತೆ, ಹೌದೇನೆ?"

ಇಂಗ್ಲಿಷಿನ ಒಂದಕ್ಷರ ಬಾರದ ಅತ್ತಿಗೆ ಬುಟ್ಟಿ ಕೆಳಗಿಟ್ಟು, ಅವಳ ಮುಖ ನೋಡಿ ಹೇಳಿದಳು: "ಹಾರಿದ್ದಲ್ಲ. ವೇಡಿಂಗ್ ಮಾಡ್ತಿದ್ರು."