ಗಂಗವ್ವ ಬಿಟ್ಟುಕೊಟ್ಟ ಭಿಶಿ

ಶಮೀಮ್, ನನಗೆ ಗೊತ್ತಿತ್ತು.

ಆ ಪರೀಕ್ಷೆ ಕೆಲವೇ ತಿಂಗಳಲ್ಲಿ ನಿಂತುಹೋಗಲಿದೆ ಎಂಬುದು ನೀನು ಶುಲ್ಕ ತುಂಬುವುದಕ್ಕೆ ಮೊದಲೇ ನನಗೆ ಗೊತ್ತಿತ್ತು. ‘ಪಾಪ, ನಮ್ಮ ಸರ್‌ಗೂ ಗೊತ್ತಿರಲಿಲ್ಲ’ ಎಂದು ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೀ. ಅದು ಸುಳ್ಳು — ನಿನ್ನದಲ್ಲ, ನನ್ನದು.

ಆಗ ಜಿಲ್ಲೆ ಹೊಸದು. ಗದಗಿಗೆ ಒಂದೊಂದೇ ಕಚೇರಿ ಬರುತ್ತಿತ್ತು, ಕಚೇರಿಗಳ ಬೆನ್ನಿಗೆ ಕಂಪ್ಯೂಟರುಗಳು. ಧಾರವಾಡದಲ್ಲಿ ಎಂ.ಎಸ್‌ಸಿ. ಮುಗಿಸಿ ಬಂದಿದ್ದ ನಾನು ಬೆಟಗೇರಿಯ ಸಣ್ಣದೊಂದು ಕಂಪ್ಯೂಟರ್ ತರಗತಿಯಲ್ಲಿ ಕಲಿಸುತ್ತಿದ್ದೆ. ಯಾವುದನ್ನೂ ಸುಮ್ಮನೆ ನಂಬುವವನಲ್ಲ ಎಂಬ ಹೆಮ್ಮೆ ಬೇರೆ. ನೀನು ಹಗಲು ಅಮ್ಮನ ಜೊತೆ ಕುಪ್ಪಸ ಹೊಲಿದು ಸಂಜೆ ಕಲಿಯಲು ಬರುತ್ತಿದ್ದೆ. ನಿನ್ನ ಅಮ್ಮ ಮಾಬುಬಿಯವರ ಕಣ್ಣು ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ನೀನೇ ಬೇಕಾಗಿತ್ತು. ಹೊಲಿಗೆ ನಿಲ್ಲುವುದರೊಳಗೆ ನಿನಗೊಂದು ಕೆಲಸ ಸಿಗಲೇಬೇಕಿತ್ತು.

ಏನು ಕಲಿಯಲಿ ಎಂದು ನನ್ನನ್ನು ಕೇಳಿದೆ. ಹುಬ್ಬಳ್ಳಿಯ ವರ್ಷದ ಡಿಪ್ಲೊಮಾ ನಿಮ್ಮ ಕೈಗೆ ಎಟಕುವಂಥದ್ದಲ್ಲ. ಟೈಪಿಂಗ್ ಜೊತೆ ಕಲಿಸುವ ಆಫೀಸ್ ಕೋರ್ಸು ಅಗ್ಗ, ಆದರೆ ಆ ಸರ್ಟಿಫಿಕೇಟು ಓಣಿಯ ಅರ್ಧ ಹುಡುಗಿಯರ ಹತ್ತಿರ ಆಗಲೇ ಇತ್ತು. ನಾನೇ ಹುಡುಕಿ ಇನ್ನೊಂದನ್ನು ಹೇಳಿದೆ — ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿಕೊಳ್ಳುವ ಕೆಲಸಕ್ಕೆ ದೊಡ್ಡ ಕಂಪನಿಯೊಂದು ನಡೆಸುವ ಪರೀಕ್ಷೆ. ಮನೆಯಲ್ಲೇ ಪುಸ್ತಕ ಓದಿ, ಹುಬ್ಬಳ್ಳಿಗೆ ಹೋಗಿ ಪರೀಕ್ಷೆಯ ಶುಲ್ಕವೊಂದನ್ನು ತುಂಬಿದರಾಯಿತು. ಸಲಹೆ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ನಡೆದದ್ದು ಆಮೇಲೆ.

ಆ ಶುಲ್ಕವೂ ನಿಮ್ಮ ಮನೆಯಲ್ಲಿರಲಿಲ್ಲ. ಇದ್ದದ್ದು ಓಣಿಯ ಹೆಂಗಸರ ಭಿಶಿಯಲ್ಲಿ — ತಿಂಗಳಿಗೊಮ್ಮೆ ಎಲ್ಲರೂ ಹಾಕಿ, ಚೀಟಿ ಎತ್ತಿ, ಒಬ್ಬರಿಗೆ ಒಪ್ಪಿಸುವ ಗಂಟು. ಒಮ್ಮೆ ಪಡೆದವರಿಗೆ ಎಲ್ಲರದೂ ಮುಗಿಯುವ ತನಕ ಮತ್ತೆ ಸಿಗುವುದಿಲ್ಲ. ಆ ತಿಂಗಳು ಚೀಟಿ ಎತ್ತದೆ, ಭಿಶಿ ನಡೆಸುತ್ತಿದ್ದ ಗಂಗವ್ವನಿಗೇ ಕೊಡುವುದೆಂದು ಮಾತಾಗಿತ್ತು. ಅವಳ ಮಗ್ಗದ ಕೋಣೆ ಸೋರುತ್ತಿತ್ತು, ಮಳೆಗಾಲದೊಳಗೆ ತಗಡು ಹೊದಿಸಬೇಕಿತ್ತು. ಅವಳ ಪಡಸಾಲೆಯಲ್ಲಿ ಹೆಂಗಸರೆಲ್ಲ ಕೂತಿದ್ದರು. ನನಗೆ ಮಾತ್ರ ಕುರ್ಚಿ.

“ಖರೇನ ನೌಕರಿ ಸಿಗತೈತೇನ್ರಿ ಸರ್?” ಎಂದಳು ಗಂಗವ್ವ.

“ಇದೊಂದು ಪಾಸಾದ್ರ ಜನ್ಮಕ್ಕ ಸಾಕು ಬಿಡ್ರಿ,” ಎಂದೆ.

“ಹಂಗಾದ್ರ ಈ ಸಲ ಶಮೀಮಗ ಇರಲಿ. ನನ್ನ ತಗಡು ಆಮ್ಯಾಲೆ ನೋಡೂಣು.”

“ಮಳಿ ಬಂದ್ರ ಏನ ಮಾಡ್ತಿ ಬೇ? ಮಗ್ಗಕ್ಕ ಛತ್ರಿ ಹಿಡಕೊಂಡು ನಿಂದ್ರತೀಯೇನು?” ಎಂದು ಯಾರೋ ಕಿಚಾಯಿಸಿದರು.

“ನಿಂದ್ರತೇನಿ. ನನ್ನ ಕೈ ನೊಂದ್ರ ಹಿಡ್ಯಾಕ ನೀ ಅದಿಯಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನವೇ ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದಲ್ಲಿದ್ದ ಗೆಳೆಯ ಬೇರೇನಕ್ಕೋ ಫೋನು ಮಾಡಿದವನು, ಮಾತಿನ ನಡುವೆ ಹೇಳಿದ: “ಆ ಪರೀಕ್ಷೆ ತಗದು ಹೊಸಾದು ತರಾಕತ್ತಾರಲೇ. ಯಾರರ ಕಟ್ಟಾವ್ರಿದ್ರ ತಡೀರಿ ಅಂತ ಹೇಳು.” ಇಷ್ಟೇ. ನೀನು ಕೆಲವು ತಿಂಗಳು ತಡೆದಿದ್ದರೆ ಸಾಕಾಗಿತ್ತು. ಗಂಟು ಇನ್ನೂ ಗಂಗವ್ವನ ಪೆಟ್ಟಿಗೆಯಲ್ಲೇ ಇತ್ತು — ತಗಡೂ ಬರುತ್ತಿತ್ತು, ಮುಂದೆ ನಿನ್ನ ಸರದಿಯೂ.

ಹೇಳಬೇಕೆಂದೇ ಅಂದು ಸಂಜೆ ಗಂಗವ್ವನ ಮನೆಗೆ ಬಂದೆ. ಅವಳು ಮತ್ತೆ ಅದೇ ಕುರ್ಚಿ ಹಾಕಿ, ಬಿಸಿ ಮಿರ್ಚಿ ಭಜಿ ತರಿಸಿ, ಹೋಗಿಬರುವವರಿಗೆಲ್ಲ “ಶಮೀಮಗ ದಾರಿ ತೋರಿಸಿದವ್ರು ಇವ್ರ ನೋಡ್ರಿ” ಎನ್ನುತ್ತಿದ್ದಳು. ನೀನು ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ‘ನಿನ್ನೆ ಹೇಳುವಾಗ ನನಗೆ ಗೊತ್ತಿರಲಿಲ್ಲ’ — ಈ ಒಂದು ಮಾತು ಆಡಬೇಕಿತ್ತು. ಆಗ ಅದು ಖರೆಯೂ ಆಗಿತ್ತು. ಆದರೆ ಆ ಕುರ್ಚಿಯ ಮೇಲೆ ಕೂತು… ಮಿರ್ಚಿ ತಿಂದು, ಚಹಾ ಕುಡಿದು ಎದ್ದೆ.

ನೀನು ಪಾಸಾದೆ. ಒಳ್ಳೆಯ ಅಂಕ. ಕಚೇರಿಯೊಂದರಿಂದ ಕರೆ ಬರುವ ಹೊತ್ತಿಗೆ ಹೊಸ ಪರೀಕ್ಷೆ ಬಂದಾಗಿತ್ತು. ಇದು ಹಳೆಯದು, ಹೊಸದನ್ನು ತನ್ನಿ ಎಂದರಂತೆ. ನೀನು ಸೀದಾ ತರಗತಿಗೆ ಬಂದೆ. ಅಳಲಿಲ್ಲ. ನನ್ನ ಮುಖ ನೋಡಿ ನೀನೇ ಸಮಾಧಾನ ಹೇಳಿದೆ: “ನಿಮಗರ ಹ್ಯಾಂಗ ಗೊತ್ತಾಗಬೇಕ್ರಿ ಸರ್? ಕಂಪನಿಯವ್ರು ಬದಲ ಮಾಡಿದ್ರ.”

“ಹೌದು,” ಎಂದೆ, “ನನಗೂ ಗೊತ್ತಿರಲಿಲ್ಲ.”

ನಿಜವಾಗಿದ್ದಾಗ ಬಾಯಿಗೆ ಬಾರದ ಮಾತು, ಸುಳ್ಳಾದ ಮೇಲೆ ಎಷ್ಟು ಸಲೀಸಾಗಿ ಬಂತು.

ಇನ್ನೊಂದನ್ನೂ ಹೇಳಬೇಕು. ಬಹಳ ವರ್ಷ ನನಗೊಂದು ನೆನಪಿತ್ತು — ಆ ಸಂಜೆ ಹೊರಡುವಾಗ ಗಂಗವ್ವನ ಮಗ್ಗದ ಕೋಣೆಯ ಮುಂದೆ ನಿಂತು, “ಇನ್ನೊಮ್ಮೆ ವಿಚಾರ ಮಾಡು ಶಮೀಮ್, ಅವಸರ ಬ್ಯಾಡ” ಎಂದು ನಿನಗೆ ಹೇಳಿದ ಹಾಗೆ. ನೀನು ತಲೆಯಾಡಿಸಿದ ಹಾಗೆ. ಮಲಗುವಾಗ ಅದನ್ನೇ ಹೊದ್ದುಕೊಳ್ಳುತ್ತಿದ್ದೆ. ಆದರೆ ಆ ನೆನಪಿನಲ್ಲಿ ಮಳೆ ಬರುತ್ತಿರುತ್ತದೆ, ತಗಡಿನ ಮೇಲೆ ಹನಿ ಬಡಿಯುವ ಸದ್ದಿಗೆ ನಾನು ದನಿ ಏರಿಸುತ್ತೇನೆ. ಯಾವ ತಗಡು? ಆ ದುಡ್ಡನ್ನು ನಿನಗೆ ಬಿಟ್ಟುಕೊಟ್ಟಾಗಿತ್ತು. ಆ ಮಳೆಗಾಲವೆಲ್ಲ ಗಂಗವ್ವ ಮಗ್ಗದ ಹಾಸುನೂಲಿನ ಮೇಲೆ ಗೋಣಿಚೀಲ ಹೊದಿಸಿ ನೆಯ್ದಳು. ತಗಡು ಬಂದದ್ದು ಮಳೆ ಮುಗಿದ ಮೇಲೆ. ನಾನು ನಿನ್ನನ್ನು ಎಚ್ಚರಿಸಲಿಲ್ಲ. ಎಚ್ಚರಿಸಿದ ನೆನಪನ್ನು ಆಮೇಲೆ ಯಾವಾಗಲೋ ಕಟ್ಟಿಕೊಂಡೆ — ಯಾವಾಗ ಎಂಬುದೂ ತಿಳಿಯದು.

ಹೊಸ ಪರೀಕ್ಷೆಗೆ ಮತ್ತೆ ತುಂಬಲು ದುಡ್ಡಿರಲಿಲ್ಲ; ನೀನು ಮುಂಡರಗಿ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಗೆ ಸೇರಿದೆ. ನಸುಕಿನ ಬಸ್ಸು, ಕತ್ತಲಾದ ಮೇಲೆ ಮನೆ. ಅಮ್ಮನ ಸೂಜಿಗೆ ದಾರ ಪೋಣಿಸಲು ಆ ಹೊತ್ತಿನಲ್ಲಿ ಯಾರಿದ್ದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಆ ಅಂಗಡಿ ನಿನ್ನದೇ. ಹಾಗಾಗಿ ಎಲ್ಲ ಒಳ್ಳೆಯದೇ ಆಯಿತು ಎಂದುಕೊಳ್ಳುವ ಆಸೆ ನನಗೂ ಇದೆ. ಅಂದುಕೊಳ್ಳುವುದಿಲ್ಲ.

ಹೋದ ವಾರ ನೀನು ಫೋನು ಮಾಡಿದೆ. ತಂಗಿಯ ಮಗಳು ಕಂಪ್ಯೂಟರ್ ಕಲಿಯಬೇಕಂತೆ, ಹತ್ತಾರು ಕೋರ್ಸು, ಯಾವುದು ಅಗ್ಗ, ಯಾವುದು ನಿಲ್ಲುವಂಥದ್ದು… “ನೀವ ಹೇಳ್ರಿ ಸರ್. ನೀವು ಹೇಳಿದ್ದ ಮಾಡತೇವಿ. ಈ ಸಲದ ಭಿಶಿನೂ ನಮಗ ಬಿಟ್ಟಾರ.” ನಾಳೆ ಹೇಳುತ್ತೇನೆ ಎಂದು ಫೋನು ಇಟ್ಟೆ.

ಫೋನಿನಲ್ಲಿ ಹೇಳುವುದಿಲ್ಲ, ಶಮೀಮ್. ತಿಂಗಳ ಮೊದಲ ರವಿವಾರ ಗಂಗವ್ವನ ಪಡಸಾಲೆಯಲ್ಲಿ ಭಿಶಿ ಕೂಡುತ್ತದೆ. ಅವಳು ಈಗಲೂ ನನ್ನನ್ನು ಕಂಡರೆ ಕುರ್ಚಿ ತರಿಸುತ್ತಾಳೆ. ಗಂಟು ಕೈ ಬದಲಾಗುವ ಮೊದಲು ಬರುತ್ತೇನೆ. ಕೋರ್ಸುಗಳ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ, ತಿಳಿಯದ್ದನ್ನು ತಿಳಿಯದು ಎನ್ನುತ್ತೇನೆ. ಆದರೆ ಅದಕ್ಕೂ ಮೊದಲು, ನಿನ್ನ ಮುಂದೆ, ಗಂಗವ್ವನ ಮುಂದೆ, ನಿಂತುಕೊಂಡೇ, ಈ ಬರಹದ ಮೊದಲ ಸಾಲನ್ನು ಹೇಳುತ್ತೇನೆ.